‘ಅದಕ್ಕ’ ಅಂದ್ರ ಯಾವುದಕ್ಕ?

ಸೋಮವಾರ, ಸಿರುಗುಪ್ಪ ಕಡೆಯ ಒಂದು ಹಳ್ಳಿ ಶಾಲೆ, ಹತ್ತನೇ ತರಗತಿಯ ಲ್ಯಾಬ್. ಹಾಳೆಯಲ್ಲಿದ್ದದ್ದು ಎರಡೇ ಸಾಲು: ‘ಬೀಕರಿನಲ್ಲಿ 10 ಮಿ.ಲೀ. ನೀರು ತೆಗೆದುಕೊಳ್ಳಿ. ಅದಕ್ಕೆ ಕೆಲವು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಸೇರಿಸಿ.’ ತರಗತಿಗೇ ಚೆನ್ನಾಗಿ ಓದುವ ಹುಡುಗಿ ಎದ್ದು ನಿಂತು ಒಂದಕ್ಷರ ತಪ್ಪದೆ ಓದಿದಳು. ಹಾಳೆ ಮುಚ್ಚಿಸಿ ಏನು ಮಾಡಬೇಕೆಂದು ಕೇಳಿದರೆ, ‘ಆಸಿಡ್ಡಿಗೆ ನೀರು ಹಾಕಬೇಕ್ರಿ ಸರ್.’

ಆಸಿಡ್ಡಿಗೆ ನೀರೋ, ನೀರಿಗೆ ಆಸಿಡ್ಡೋ?

‘ಎರಡೂ ಒಂದ ಅಲ್ರೀ ಸರ್?’

ಆ ಮಾತು ವಾರವಿಡೀ ಬೆನ್ನು ಬಿಟ್ಟಿಲ್ಲ. ಪುಣ್ಯಕ್ಕೆ ಬಾಟಲಿ ಇನ್ನೂ ಬೀರುವಿನಲ್ಲೇ ಇತ್ತು. ಸಾರೀಕೃತ, ಅಂದರೆ ನೀರು ಬೆರೆಸಿ ತೆಳುಮಾಡದ, ಸಲ್ಫ್ಯೂರಿಕ್ ಆಮ್ಲ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಅದರ ಮೇಲೆ ನೀರು ಸುರಿದರೆ ನೀರು ಮೇಲೆಯೇ ನಿಲ್ಲುತ್ತದೆ, ಎರಡೂ ಕೂಡುವಲ್ಲಿ ಹುಟ್ಟುವ ಬಿಸಿಗೆ ಅಲ್ಲೇ ಕುದ್ದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ನೀರಿಗೆ ಹನಿಹನಿಯಾಗಿ ಆಮ್ಲ ಬಿಟ್ಟು ಕಲಕುತ್ತಿದ್ದರೆ ಬಿಸಿ ಇಡೀ ನೀರಿಗೆ ಹರಡುತ್ತದೆ. ಬೀಕರಿನ ತಳ ಮುಟ್ಟಿದರೆ ಬೆಚ್ಚಗೆ, ಅಷ್ಟೇ.

ತಪ್ಪು ಹುಡುಗಿಯದಲ್ಲ. ‘ಮಳಿ ಬಂತು, ಅದಕ್ಕ ಬರಲಿಲ್ಲ’ ಅನ್ನುವ ಮನೆಯ ‘ಅದಕ್ಕ’ ಕಾರಣ ಹೇಳುತ್ತದೆ. ಹಾಳೆಯ ‘ಅದಕ್ಕೆ’ ಯಾವ ಪಾತ್ರೆಗೆಂದು ಬೆರಳು ತೋರಿಸುತ್ತದೆ. ಕಣ್ಣು ಅದರ ಮೇಲೆ ಜಾರಿ ಮುಂದೆ ಹೋಗುತ್ತದೆ. ಸರಾಗ ಓದಿದರೆ ತಿಳಿಯಿತೆಂದು ಬೆನ್ನು ತಟ್ಟುವ ನಾವು ಮೇಷ್ಟರುಗಳು, ತಡವರಿಸುತ್ತಾ ‘ಯಾವುದಕ್ರೀ?’ ಅನ್ನುವ ಹಿಂದಿನ ಬೆಂಚಿನವನನ್ನು ಗದರುತ್ತೇವೆ. ಲ್ಯಾಬಿಗೆ ಬೇಕಾದವನು ಅವನೇ.

ಹುಡುಗಿಗೆ ವ್ಯತ್ಯಾಸ ಹೊಳೆದದ್ದು ಹಿಟ್ಟಿನಿಂದ. ಕುದಿಯುವ ಎಸರಿಗೆ ಹಿಟ್ಟು ಹಾಕಿದರೆ? ‘ಸಂಗಟಿರೀ.’ ಅಂದರೆ ಮುದ್ದೆ. ಹಿಟ್ಟಿಗೆ ಬಿಸಿನೀರು ಹಾಕಿ ನಾದಿದರೆ? ‘ರೊಟ್ಟಿರೀ.’ ಅಂದವಳೇ ಸುಮ್ಮನಾಗಿ ಹಾಳೆ ಮತ್ತೆ ತೆರೆದಳು.

ಬುಧವಾರದಿಂದ ಮೊದಲ 10 ನಿಮಿಷ ಬರೀ ಓದು. ಕೈಕಟ್ಟಿ ಕೊನೆಯ ಸಾಲಿನವರೆಗೆ ಓದಬೇಕು. ಮೆಗ್ನೀಸಿಯಂ ಪಟ್ಟಿಯ ಪ್ರಯೋಗದಲ್ಲಿ ‘ಉರಿಸಿ’ ಅಂದ ಮೇಲೆ ಬರುತ್ತದೆ, ಕಣ್ಣಿನಿಂದ ದೂರ ಹಿಡಿಯಿರಿ ಅನ್ನುವ ಮಾತು. ಸಾಲು ಓದುತ್ತಾ ಮಾಡುತ್ತಾ ಹೋದವರಿಗೆ ಅದು ತಡ. ಆಮೇಲೆ ಪೆನ್ಸಿಲ್. ‘ಗೆ’, ‘ಕ್ಕೆ’ ಬಂದಲ್ಲೆಲ್ಲ ಸುತ್ತು, ಅಲ್ಲಿಂದ ಅದು ಹೇಳುವ ವಸ್ತುವಿಗೆ ಬಾಣ. ಅಳತೆಗೆ ಚೌಕ, 10ರ ಜೊತೆ ಮಿ.ಲೀ. ಕೂಡ ಒಳಗೇ ಬರಬೇಕು. ‘ಮುನ್ನ’, ‘ನಂತರ’, ‘ವರೆಗೆ’ ಇದ್ದರೆ ಅಡಿಗೆರೆ. ‘ಸಾರ’ ಎಂದು ಓದಿ ಉಳಿದದ್ದನ್ನು ಊಹಿಸುವ ಚಟ ಬೇರೆ ಇದೆ. ನೀರು ಬೆರೆಸಿ ತೆಳುಮಾಡಿದ ಸಾರರಿಕ್ತವೋ, ಗಟ್ಟಿ ಸಾರೀಕೃತವೋ, ಪೂರ್ತಿ ಬಾಯಿಬಿಟ್ಟು ಹೇಳಿಸಬೇಕು.

ಇನ್ನೊಂದು ತೊಡಕು ನಮ್ಮ ವಾಕ್ಯದ್ದೇ. ‘ಸೇರಿಸಿ’ ಬರುವುದು ಕೊನೆಗೆ, ‘ಆಮ್ಲ’ ಕಿವಿಗೆ ಬಿದ್ದೊಡನೆ ಕೈ ಬಾಟಲಿಗೆ ಹೋಗಿರುತ್ತದೆ. ಹಾಗಾಗಿ ಓದುವವರು ಪಾತ್ರೆ ಮುಟ್ಟುವಂತಿಲ್ಲ, ಮಾಡುವವರು ಕೇಳಿದ್ದನ್ನು ತಿರುಗಿ ಹೇಳಿದ ಮೇಲೆಯೇ ಕೈ ಹಾಕಬೇಕು. ಮೊದಲ ತಾಲೀಮು ಬರೀ ನೀರಿನಲ್ಲಿ, ‘ಆಮ್ಲ’ದ ಲೋಟಕ್ಕೆ ಚಿಟಿಕೆ ಕುಂಕುಮ. ನಿಜವಾದ ಆಮ್ಲ ಹನಿಸುವುದು ಮೇಷ್ಟರೇ.

ಗುರುವಾರ ಹಾಳೆಗಳು ಬಂದವು. ಹೆಚ್ಚುಕಡಿಮೆ ಎಲ್ಲರೂ ‘ಅದಕ್ಕೆ’ಗೆ ಸುತ್ತು ಹಾಕಿ ‘ನೀರು’ ಕಡೆ ಬಾಣ ಎಳೆದಿದ್ದರು. ಒಂದು ಗುಂಪು ಮಾತ್ರ ಬಾಣವನ್ನು ‘ಬೀಕರಿನಲ್ಲಿ’ಗೆ ಎಳೆದಿತ್ತು. ಕೆಂಪು ಪೆನ್ನು ಎತ್ತಿ, ಯೋಚಿಸಿ, ಕೆಳಗಿಟ್ಟದ್ದಾಯಿತು.