ಜೇನು ಕಚ್ಚಿ ಊದಿದ್ದುಂಟಾ?

ಕಾಸರಗೋಡಿನಲ್ಲಿ ನಾನು ಚರ್ಮದ ಡಾಕ್ಟರು. ತುಟಿ, ಕೆನ್ನೆ ತುಂಬಿಕೊಂಡು ಕಾಣಲು ಚರ್ಮದೊಳಗೆ ಚುಚ್ಚಿಸಿಕೊಳ್ಳುವುದಕ್ಕೆ ಫಿಲ್ಲರ್ ಅನ್ನುತ್ತಾರೆ. ಫಿಲ್ಲರ್ ಗಂಟು ಅಂತ ಬರುವವರಲ್ಲಿ ಜಾಸ್ತಿ ಮಂದಿ ಗಲ್ಫಿನಿಂದ ರಜೆಗೆ ಬಂದವರು. ಚುಚ್ಚಿಸಿಕೊಂಡದ್ದು ಅಲ್ಲಿ, ಗಂಟು ತೋರಿಸುವುದು ಇಲ್ಲಿ. ಒಳಗೆ ಏನು ಹಾಕಿದ್ದಾರೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಬದಿಯಡ್ಕ ಕಡೆಯ ಆ ಹೆಂಗಸಿಗೆ ಗೊತ್ತಿತ್ತು. ಪೆಟ್ಟಿಗೆಯ ಫೋಟೋ ಫೋನಿನಲ್ಲೇ ಇತ್ತು. ಹಯಲುರಾನಿಕ್ ಆ್ಯಸಿಡ್. ಕೆಳತುಟಿಯ ಒಳಬದಿಗೆ ಹೆಸರುಕಾಳಿನಷ್ಟು ಗಂಟು. ನೋವಿಲ್ಲ, ಕೆಂಪಿಲ್ಲ. ನನಗೆ ಖುಷಿಯೇ ಆಯಿತು. ಈ ಜಾತಿಯ ಫಿಲ್ಲರ್ ಕರಗಿಸಲು ಹಯಲುರಾನಿಡೇಸ್ ಅಂತ ಒಂದು ಮದ್ದು ಉಂಟು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಕ್ಯಾಲ್ಸಿಯಂ ಫಿಲ್ಲರ್ ಆಗಿದ್ದರೆ ಈ ಮದ್ದಿಗೆ ಜಗ್ಗುತ್ತಿರಲಿಲ್ಲ.

1500 ಯೂನಿಟಿನ ಬಾಟಲಿಗೆ ಸಲೈನ್ ಹಾಕಿ ಸಿರಿಂಜಿಗೆ ಎಳೆಯುತ್ತಿದ್ದೆ. ಆಗ ನಮ್ಮ ಸಿಸ್ಟರ್ ಕೇಳಿದರು, "ಅಕ್ಕಾ, ನಿಮಗೆ ಜೇನು ಕಚ್ಚಿ ಊದಿದ್ದುಂಟಾ?"

"ಅಯ್ಯೋ, ಕೇಳ್ಬೇಡಿ. ತೋಟದಲ್ಲಿ ಪೆಟ್ಟಿಗೆ ಉಂಟಲ್ಲ. ಎರಡು ವರ್ಷ ಹಿಂದೆ ಒಂದೇ ಒಂದು ಕಚ್ಚಿದ್ದು. ಮುಖ ಊದಿ ಉಸಿರು ಕಟ್ಟಿತು. ರಾತ್ರಿಯೇ ಮಂಗಳೂರಿಗೆ ಓಡಿದ್ದು."

ಸಿರಿಂಜನ್ನು ಟ್ರೇಯಲ್ಲಿಟ್ಟೆ. ಜೇನಿನ ವಿಷದಲ್ಲೂ ಹಯಲುರಾನಿಡೇಸ್ ಇರುತ್ತದೆ. ಅದಕ್ಕೆ ಅಲರ್ಜಿ ಇದ್ದವರಿಗೆ ಈ ಮದ್ದೂ ಆಗದೆ ಹೋಗಬಹುದು. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನಾನು ಕೇಳಿದ್ದು "ಯಾವುದಾದರೂ ಮದ್ದಿಗೆ ಅಲರ್ಜಿ ಉಂಟಾ" ಅಂತ. ಅವರು ಇಲ್ಲ ಅಂದಿದ್ದರು. ಸರಿಯೇ, ಜೇನುನೊಣ ಮದ್ದಲ್ಲವಲ್ಲ!

ಗಂಟು ಮೇಲುಮೇಲೆಯೇ ಇದ್ದದ್ದು ಪುಣ್ಯ. ಮರಗಟ್ಟಿಸಿ, ಸೂಜಿಯಲ್ಲಿ ಸಣ್ಣ ತೂತು ಮಾಡಿ, ಎರಡು ಹತ್ತಿಕಡ್ಡಿಯ ನಡುವೆ ಮೆಲ್ಲಗೆ ಒತ್ತಿದೆ. ಲೋಳೆಸರದ ತಿರುಳಿನಂಥದ್ದು ಒಂದು ಹನಿ ಜಾರಿ ಬಂತು. ನಾಲಿಗೆಯಲ್ಲಿ ತಡವಿ ನೋಡಿ, "ಹೋಯ್ತಾ ಡಾಕ್ಟ್ರೇ? ಇಷ್ಟೇನಾ?" ಅಂದರು.

ಎಲ್ಲ ಗಂಟನ್ನೂ ಹೀಗೆ ಒತ್ತಲಾಗದು. ತಿಂಗಳುಗಳ ಮೇಲೆ ಕೆಂಪಾಗಿ, ಬಿಸಿಯಾಗಿ ನೋಯುವ ಗಂಟಿನಲ್ಲಿ ಸೋಂಕು ಕೂತಿರಬಹುದು. ಅದಕ್ಕೆ ಮೊದಲು ಆ್ಯಂಟಿಬಯಾಟಿಕ್. ಮನೆಯಲ್ಲಿ ಸುಮ್ನೆ ತಿಕ್ಕುತ್ತಾ ಕೂರಬೇಡಿ. ಇನ್ನು ಚುಚ್ಚಿದ ಕೂಡಲೇ ಚರ್ಮ ಬಿಳಿಚಿ ವಿಪರೀತ ನೋವು ಬಂದರೆ ರಕ್ತನಾಳ ಮುಚ್ಚಿರಬಹುದು. ನಾಳೆ ನೋಡುವ ಅನ್ನುವಂಥದ್ದಲ್ಲ, ಆಗಲೇ ಡಾಕ್ಟರ ಬಳಿ ಓಡಬೇಕು.

ಸಂಜೆ ಸಿಸ್ಟರ್ ಹತ್ತಿರ ಕೇಳಿದೆ, ನಿಮಗೆ ಹೇಗೆ ಹೊಳೆಯಿತು ಅಂತ. "ಮೊದಲು ಕಣ್ಣಾಸ್ಪತ್ರೆಯಲ್ಲಿದ್ದೆ ಸಾರ್. ಪೊರೆ ಆಪರೇಷನ್‌ಗೆ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಈ ಹಯಲುರಾನಿಡೇಸನ್ನೇ ಸೇರಿಸ್ತಿದ್ರು. ಅಲ್ಲಿ ಎಲ್ಲರನ್ನೂ ಕೇಳ್ತಿದ್ವಿ." ಈಗ ನಮ್ಮ ಕೇಸ್ ಶೀಟಿನಲ್ಲಿ ಆ ಪ್ರಶ್ನೆ ಕನ್ನಡದಲ್ಲೂ ಮಲಯಾಳದಲ್ಲೂ ಉಂಟು. ಜೇನಿನ ಪಕ್ಕ "ಕಣಜ" ಅಂತ ಪೆನ್ನಿನಲ್ಲಿ ಸೇರಿಸಿದ್ದೂ ಅವರೇ.