ಹಾಜರಿ ನಂಬರ್ 18

ಎಂಟನೇ ಕ್ಲಾಸಿನಲ್ಲಿ ನನ್ನ ಹಾಜರಿ ನಂಬರ್ 17, ನನ್ನ ಗೆಳತಿಯದು 18. ಪರೀಕ್ಷೆಯಲ್ಲಿ ಹಿಂದೆ ಮುಂದೆ ಕೂರುತ್ತಿದ್ದೆವು. ಲ್ಯಾಬಿನಲ್ಲಿ ನಮ್ಮಿಬ್ಬರಿಗೂ ಒಂದೇ ಮೇಜು. ಐದನೇ ಕ್ಲಾಸಿನಿಂದಲೂ ಒಂದೇ ಬೆಂಚು. ನಾನು ಹುಷಾರಿಲ್ಲದೆ ಮನೆಯಲ್ಲಿ ಉಳಿದರೆ, ಟೀಚರ್ ಕಾರಣ ಕೇಳುತ್ತಿದ್ದುದೂ ಅವಳನ್ನೇ.

ನೋಟ್ಸ್ ಬರೆಯೋದರಲ್ಲಿ ನಮ್ಮದೊಂದು ಒಪ್ಪಂದ ಇತ್ತು. ವಿಜ್ಞಾನ ಅವಳು ಬರೆಯಬೇಕು, ಸಮಾಜ ನಾನು. ಪರೀಕ್ಷೆಗೆ ಮುಂಚೆ ಪುಸ್ತಕ ಬದಲಾಯಿಸಿಕೊಂಡು ಓದುತ್ತಿದ್ದೆವು. ಅವಳ ಅಕ್ಷರ ದುಂಡಗೆ. ಪಾಠದ ಹೆಸರಿನ ಕೆಳಗೆ ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆಯದೆ ಮುಂದಿನ ಸಾಲಿಗೆ ಹೋಗುತ್ತಲೇ ಇರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಅದು. ಗಣಿತದ ಪೀರಿಯಡ್‌ನಲ್ಲಿ ಅವಳು ತಲೆ ಎತ್ತದೆ, "ಅಪ್ಪಂಗೆ ವರ್ಗ ಆಗಿದೆ ಕಣೇ. ಇನ್ನು ಎಂಟು ದಿನ" ಅಂದಳು. ನಾನು ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ನನಗೆ ಅವಳ ಮೇಲೆ ಕೋಪ ಬಂದಿತ್ತು, ವರ್ಗದ ಆದೇಶಕ್ಕೆ ಅವಳೇ ಸಹಿ ಹಾಕಿದ್ದಾಳೆ ಅನ್ನೋ ಹಾಗೆ.

ಆ ಎಂಟು ದಿನ ನಾವು ಮಾಡಿದ್ದು ಒಂದೇ ಕೆಲಸ. ಅವಳ ಹತ್ತಿರ ಸಮಾಜದ ನೋಟ್ಸ್ ಇರಲಿಲ್ಲ, ನನ್ನ ಹತ್ತಿರ ವಿಜ್ಞಾನದ್ದು ಇರಲಿಲ್ಲ. ಹಾಗಾಗಿ ಅವಳಿಗಾಗಿ ನಾನು, ನನಗಾಗಿ ಅವಳು, ಊಟದ ಬಿಡುವಿನಲ್ಲೂ ಸಂಜೆ ಗಂಟೆ ಹೊಡೆದ ಮೇಲೂ ಕೂತು ಬರೆದೆವು. ಅವಳು ಬೆರಳು ನೋವು ಅಂತ ಆಗಾಗ ಕೈ ಒದರುತ್ತಿದ್ದಳು. ಮಾತಿಲ್ಲ. ಈಗ ಅನ್ನಿಸುತ್ತೆ, ನಾವು ಒಬ್ಬರಿಗೊಬ್ಬರು ಹೇಳಬೇಕಾದ್ದೆಲ್ಲ ಆ ಬರೆಯೋದರಲ್ಲೇ ಇತ್ತು.

ಕೊನೆಯ ದಿನ ಅವಳು ಲೈಬ್ರರಿ ಪುಸ್ತಕ ವಾಪಸ್ ಕೊಟ್ಟು, ಟಿಸಿ ತೆಗೆದುಕೊಂಡು, ಅಪ್ಪನ ಜೊತೆ ಗೇಟಿನ ಕಡೆ ನಡೆದಳು. ನಾನು ಕಾರಿಡಾರ್ ಕಂಬದ ಹಿಂದೆ ನಿಂತಿದ್ದೆ. ಅವಳು ಎರಡು ಸಲ ತಿರುಗಿ ನೋಡಿದಳು. ನನ್ನನ್ನೇ ಹುಡುಕುತ್ತಿದ್ದಾಳೆ ಅಂತ ಗೊತ್ತಿತ್ತು. ಆದರೂ ಹೋಗಲಿಲ್ಲ. ಈ ಶಾಲೆಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇವತ್ತಿಗೂ ಚುಚ್ಚೋದು ಇದೊಂದೇ. ಈಗ ಅದೇ ಬೆಂಚುಗಳಲ್ಲಿ ಕೂತಿರುವವರೇ, ನಿಮ್ಮ ಗೆಳೆಯರು ಹೊರಟಾಗ ದಯವಿಟ್ಟು ಗೇಟಿನವರೆಗೂ ಹೋಗಿ. ಅಳು ಬಂದರೆ ಬರಲಿ.

ಮಾರನೇ ದಿನ ಟೀಚರ್ ರೂಢಿಯಂತೆ "18" ಅಂತ ಕೂಗಿದರು. ಇಡೀ ಕ್ಲಾಸು ಸುಮ್ಮನಾಯಿತು. ಅವರು ಒಂದು ಗಳಿಗೆ ತಡೆದು, ಕೆಂಪು ಪೆನ್ನು ತೆಗೆದು ಆ ಸಾಲಿಗೆ ಗೆರೆ ಎಳೆದರು. ವರ್ಷ ಮುಗಿಯುವವರೆಗೂ ಆ ನಂಬರನ್ನು ಯಾರಿಗೂ ಕೊಡಲಿಲ್ಲ. 17 ಆದ ಮೇಲೆ 19. ದಿನಾ ಬೆಳಿಗ್ಗೆ ಆ ಒಂದು ಕ್ಷಣ ನನಗೆ ಉಸಿರು ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು.

ಒಂಟಿಯಾದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಮೂರು ವಾರಕ್ಕೆ ಅವಳ ಕಾಗದ ಬಂತು. "ಇಲ್ಲಿ ನನ್ನ ನಂಬರ್ 52. ಮಧ್ಯದಲ್ಲಿ ಸೇರಿದವರಿಗೆ ಕೊನೆಯದ್ದೇ ಅಂತೆ. ಮೊದಲ ದಿನ 18 ಅಂದಾಗ ಎದ್ದು ನಿಂತುಬಿಟ್ಟೆ ಕಣೇ. ಎಲ್ಲರೂ ನಕ್ಕರು" ಅಂತ ಬರೆದಿದ್ದಳು. ಓದುತ್ತಾ ಕೂತಲ್ಲೇ ಕಣ್ಣು ತುಂಬಿತು. ನನಗೆ ಅದೇ ಬೆಂಚು, ಅದೇ ಟೀಚರ್, ಅದೇ ಕಾರಿಡಾರ್ ಇತ್ತು. ಅವಳಿಗೆ ಅಲ್ಲಿ ಏನೂ ಇರಲಿಲ್ಲ, ಅಲ್ವಾ? ಉಳಿದವರ ಖಾಲಿತನ ಎಲ್ಲರಿಗೂ ಕಾಣುತ್ತೆ. ಹೋದವರದ್ದು ಯಾರ ಕಣ್ಣಿಗೂ ಬೀಳೋದಿಲ್ಲ. ಮೊದಲ ಕಾಗದ ನಾನೇ ಬರೆಯಬೇಕಿತ್ತು.

ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: "ಬೆಳಕು ಪಾಠ ಶುರುವಾಯ್ತಾ? ಜಾಗ ಸಾಕಾಯ್ತಾ?"

ಅರ್ಥವಾಗಲಿಲ್ಲ. ಅವಳು ಕೊಟ್ಟ ನೋಟ್ಸನ್ನು ನಾನು ಅಲ್ಲಿಯವರೆಗೂ ಮುಟ್ಟಿರಲಿಲ್ಲ. ಅಂದು ರಾತ್ರಿ ತೆಗೆದು ನೋಡಿದೆ. ಆಗಿದ್ದ ಪಾಠಗಳೆಲ್ಲ ಮುಗಿದ ಮೇಲೂ ಅವಳ ಅಕ್ಷರ ನಿಂತಿರಲಿಲ್ಲ. ಪಠ್ಯಪುಸ್ತಕದ ಪರಿವಿಡಿ ನೋಡಿಕೊಂಡು ವರ್ಷದ ಕೊನೆಯವರೆಗಿನ ಎಲ್ಲ ಪಾಠಗಳ ಹೆಸರೂ ಬರೆದಿದ್ದಳು. ಒಂದೊಂದಕ್ಕೂ ಕೆಂಪು ಪೆನ್ನಿನ ಎರಡು ಗೆರೆ, ಕೆಳಗೆ ನನಗಾಗಿ ಐದೈದು ಖಾಲಿ ಪುಟ.

ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಪಾಠದ ಹೆಸರುಗಳು ಅವಳ ದುಂಡು ಅಕ್ಷರದಲ್ಲಿವೆ. ಕೆಳಗೆ ನನ್ನ ಸೊಟ್ಟ ಅಕ್ಷರ. ಬೆಳಕಿನ ಪಾಠಕ್ಕೆ ಐದು ಪುಟ ಸಾಲಲಿಲ್ಲ. ಇನ್ನೊಂದು ಹಾಳೆ ಅಂಟಿಸಿದ್ದೇನೆ.