ಹೊಸ ಸರ್ವರ್ ಬಂದಮೇಲೆ ಟ್ಯಾಲಿ ಓಪನ್ ಆಗ್ತಿಲ್ವಾ? ಮೊದಲು ತಂತಿ ನೋಡಿ

ವಿಂಡೋಸ್ ಸರ್ವರ್ 2016ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುವುದು 2027ರ ಜನವರಿ 12ಕ್ಕೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ಮಂಡಿಯಲ್ಲೋ ಸೊಸೈಟಿಯಲ್ಲೋ ಅದನ್ನೇ ನಂಬಿಕೊಂಡಿರುವವರು ಸುಗ್ಗಿಯ ವ್ಯಾಪಾರ ಜೋರಾಗುವ ಮೊದಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಭಾನುವಾರ ಕೂತು ಬದಲಾಯಿಸಿದರೆ ಸೋಮವಾರ ಬೆಳಿಗ್ಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: ಇಂಟರ್ನೆಟ್ ಬರ್ತಿದೆ, ಸರ್ವರ್ ಸಿಗ್ತಿಲ್ಲ.

ಮೊದಲು ಸರ್ವರ್ ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿರುವ ಜಾಗದ ಲೈಟ್ ನೋಡಿ. ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಕೇಬಲ್ ಬಿಚ್ಚಿ. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ಪಿನ್ನಿನ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಹಳೇ ಸರ್ವರ್ 100ರಲ್ಲೇ ಓಡುತ್ತಿದ್ದಾಗ ಉಳಿದ ನಾಲ್ಕು ತಂತಿ ಸತ್ತಿದ್ದರೂ ಯಾರಿಗೂ ತಿಳಿದಿರುವುದಿಲ್ಲ. ಹೊಸ ನೆಟ್‌ವರ್ಕ್ ಕಾರ್ಡೂ (ಅಡಾಪ್ಟರ್) ಕೇಬಲ್‌ಗಳೆಲ್ಲ ಸೇರುವ ಸ್ವಿಚ್ಚೂ ಆ ನಾಲ್ಕು ತಂತಿಯ ಎರಡು ಜೋಡಿಯಲ್ಲೇ ಮಾತಾಡಿಕೊಂಡು ಗಿಗಾಬಿಟ್‌ಗೆ ಒಪ್ಪುತ್ತವೆ, ನಾಲ್ಕೂ ಜೋಡಿ ಬೇಕಾದಾಗ ಲಿಂಕ್ ಬೀಳುತ್ತದೆ, ಮತ್ತೆ ಅದೇ ಸುತ್ತು. ಮಲೆನಾಡಿನ ನಾಲ್ಕು ತಿಂಗಳ ಥಂಡಿಗೆ ಕನೆಕ್ಟರ್ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದನ್ನು ಉಜ್ಜಿ ಪ್ರಯೋಜನವಿಲ್ಲ. ಎರಡು ಇಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇನ್ನೊಂದು ತುದಿಯಲ್ಲೂ ಇದೇ ಕ್ರಮ. ಸದ್ಯಕ್ಕೆ ಕೆಲಸ ನಡೆಯಲಿ ಎಂದು ಸರ್ವರ್ ಕಾರ್ಡನ್ನು 100 ಫುಲ್ ಡುಪ್ಲೆಕ್ಸ್‌ಗೆ (ಕಳಿಸುವುದೂ ಪಡೆಯುವುದೂ ಒಟ್ಟಿಗೆ) ಕಟ್ಟಿಹಾಕುವವರಿದ್ದಾರೆ. ಹಾಗೆ ಮಾಡಿದರೆ ಆಟೋದಲ್ಲಿರುವ ಸ್ವಿಚ್ ಹಾಫ್ ಡುಪ್ಲೆಕ್ಸ್ (ಒಮ್ಮೆಗೆ ಒಂದೇ) ಹಿಡಿಯುತ್ತದೆ. ಪಿಂಗ್ (ಆ ಕಡೆ ಇದೆಯೇ ಎಂದು ಕೇಳಿ ಉತ್ತರ ನೋಡುವ ಪರೀಕ್ಷೆ) ಚೆನ್ನಾಗಿಯೇ ಬರುತ್ತದೆ, ದೊಡ್ಡ ಫೈಲ್ ಕಾಪಿ ಮಾತ್ರ ತೆವಳುತ್ತದೆ.

ತಂತಿ ಸರಿಯಿದ್ದರೆ ಸರ್ವರ್‌ನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ನೋಡಿ. 169.254ರಿಂದ ಶುರುವಾಗಿದ್ದರೆ ಕೈಯಿಂದ ಕೊಟ್ಟಿದ್ದ ಹಳೇ ಸ್ಟ್ಯಾಟಿಕ್ ಐಪಿ ಹಳೇ ಅಡಾಪ್ಟರ್ ಜೊತೆಗೇ ಹೋಗಿದೆ, ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿಯಿಂದಲೂ ಏನೂ ಸಿಕ್ಕಿಲ್ಲ ಎಂದರ್ಥ. ಅದೇ ಐಪಿ ಮತ್ತೆ ಕೊಡಲು ಹೋದಾಗ ಬೇರೆ ಅಡಾಪ್ಟರ್ ಈಗಾಗಲೇ ಬಳಸುತ್ತಿದೆ ಎಂದು ಹೇಳಿದರೆ, ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ. ಮಂಕಾಗಿ ಕಾಣುವ ಹಳೇ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಐಪಿ ಕೊಡಿ. ಪೆಟ್ಟಿಗೆಯೇ ಹೊಸದಾದರೆ ಹಳೇ ಸರ್ವರ್‌ನ ಕೇಬಲ್ ಕಿತ್ತಿಡಿ. ಎರಡೂ ಒಂದೇ ಐಪಿಯಲ್ಲಿ ಎದ್ದರೆ ಇಡೀ ಆಫೀಸು ಒದ್ದಾಡುತ್ತದೆ.

ಇನ್ನು ಹೆಚ್ಚು ಜನ ಎಡವುವ ಜಾಗ. ಕ್ಲೈಂಟ್‌ನಿಂದ (ಸರ್ವರ್ ಬಳಸುವ ಕಂಪ್ಯೂಟರ್) ಪಿಂಗ್ ಮಾಡಿದರೆ ಉತ್ತರವಿಲ್ಲ, ಆದರೆ ಯಾವ ಐಪಿ ಯಾವ ಕಾರ್ಡಿನದ್ದೆಂದು ಬರೆದಿಡುವ ಎಆರ್‌ಪಿ ಪಟ್ಟಿಯಲ್ಲಿ ಸರ್ವರ್ ಐಪಿಯ ಎದುರು ಅದರದ್ದೇ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ಸಂಖ್ಯೆ) ಕೂತಿದೆ. ಅಂದರೆ ತಂತಿ ಸರಿಯಿದೆ, ಫೈರ್‌ವಾಲ್ ಬಾಗಿಲು ಹಾಕಿಕೊಂಡಿದೆ. ಹೊಸ ಅಡಾಪ್ಟರ್ ಬಂದಾಗ ವಿಂಡೋಸ್ ಅದನ್ನು ಗುರುತಿಲ್ಲದ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್ ಪ್ರೊಫೈಲ್‌ಗೆ ಹಾಕುತ್ತದೆ. ಆಗ ಪಿಂಗೂ ಫೋಲ್ಡರ್ ಶೇರಿಂಗ್‌ನ 445ನೇ ಪೋರ್ಟೂ ಬಂದ್. ಫೈರ್‌ವಾಲನ್ನೇ ಆಫ್ ಮಾಡುವುದು ಪರಿಹಾರವಲ್ಲ, ದಯವಿಟ್ಟು ಮಾಡಬೇಡಿ. ವರ್ಕ್‌ಗ್ರೂಪ್ (ಪ್ರತಿ ಕಂಪ್ಯೂಟರಿಗೂ ಅದರದ್ದೇ ಲಾಗಿನ್) ಆದರೆ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಆಯ್ಕೆ ಮಾಡಿ. ಡೊಮೇನ್ (ಎಲ್ಲರ ಲಾಗಿನ್ ಸರ್ವರ್‌ನಲ್ಲೇ) ಆದರೆ ಕೈಯಿಂದ ಬದಲಾಯಿಸಲು ಬರುವುದಿಲ್ಲ. ಅಡಾಪ್ಟರ್ ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ತಾನೇ ಡೊಮೇನ್ ಪ್ರೊಫೈಲ್‌ಗೆ ಬರುತ್ತದೆ.

ಟ್ಯಾಲಿ ಓಪನ್ ಆಗಿ ಎಜುಕೇಶನಲ್ ಮೋಡ್ ತೋರಿಸಿದರೆ ಕಥೆ ಬೇರೆ: ಲೈಸೆನ್ಸ್ ಸಿಕ್ಕಿಲ್ಲ. ಟ್ಯಾಲಿ ಲೈಸೆನ್ಸ್ ಹಂಚುವ ಗೇಟ್‌ವೇ ಸರ್ವರ್ ಸರ್ವಿಸ್ ಓಡುತ್ತಿದೆಯೇ ನೋಡಿ, ಅದರ ಪೋರ್ಟ್‌ಗೆ (ಬದಲಾಯಿಸದಿದ್ದರೆ 9999) ಫೈರ್‌ವಾಲ್‌ನಲ್ಲಿ ಇನ್‌ಬೌಂಡ್ ರೂಲ್ ಹಾಕಿ.

ಐಪಿ ಹಾಕಿದರೆ ಫೋಲ್ಡರ್ ತೆರೆಯುತ್ತದೆ, ಹೆಸರು ಹಾಕಿದರೆ ಇಲ್ಲ ಎಂದಾದರೆ ತಪ್ಪು ಹೆಸರನ್ನು ಐಪಿಗೆ ತಿರುಗಿಸುವ ಡಿಎನ್ಎಸ್‌ನದು. ಡೊಮೇನ್‌ನಲ್ಲಿ ಕ್ಲೈಂಟ್‌ಗಳ ಡಿಎನ್ಎಸ್ ಜಾಗದಲ್ಲಿ ಸರ್ವರ್ ಐಪಿ ಮಾತ್ರ ಇರಲಿ. ಎರಡನೆಯದಾಗಿ ಗೂಗಲ್‌ನ 8.8.8.8 ಸೇರಿಸಿದರೆ ಒಮ್ಮೆ ಬರುತ್ತದೆ ಒಮ್ಮೆ ಬರುವುದಿಲ್ಲ. ಆಫೀಸಿನ ಒಳಗಿನ ಹೆಸರು ಗೂಗಲ್‌ಗೆ ಹೇಗೆ ಗೊತ್ತಿರುತ್ತದೆ? ಸರ್ವರ್, ಕ್ಲೈಂಟ್‌ಗಳ ಗಡಿಯಾರವನ್ನೂ ನೋಡಿ, ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನ್ ಲಾಗಿನ್ ಕೈಕೊಡುತ್ತದೆ.

ಕೊನೆಗೆ ಉಳಿಯುವುದು ಹಳೇ ಜೆರಾಕ್ಸ್ ಮಷೀನಿನಿಂದ ಸರ್ವರ್ ಫೋಲ್ಡರಿಗೆ ಬರಬೇಕಾದ ಸ್ಕ್ಯಾನ್. ಹೊಸ ಸರ್ವರ್‌ನಲ್ಲಿ ಎಸ್ಎಂಬಿ 1 (ಫೋಲ್ಡರ್ ಶೇರಿಂಗ್‌ನ ಹಳೇ ವಿಧಾನ) ತಾನಾಗಿ ಇರುವುದಿಲ್ಲ, ಆ ಮಷೀನಿಗೆ ಗೊತ್ತಿರುವುದು ಅದೊಂದೇ. ಆನ್ ಮಾಡುವ ಆಸೆ ಬೇಡ, 2017ರಲ್ಲಿ ಫೈಲ್ ಲಾಕ್ ಮಾಡಿ ಹಣ ಕೇಳುವ ವನ್ನಾಕ್ರೈ ಹರಡಿದ್ದು ಇದೇ ದಾರಿಯಲ್ಲಿ. ಮಷೀನಿನ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ಕೇಳಿ. ಇಲ್ಲವಾದರೆ ಸ್ಕ್ಯಾನನ್ನು ಇಮೇಲ್‌ಗೋ ಯುಎಸ್‌ಬಿಗೋ ಹಾಕಿಕೊಳ್ಳಿ.